ಕೈ ತಪ್ಪಿತೋ, ಯಂತ್ರ ತಪ್ಪಿಸಿತೋ?

ಸೂಳೆಕೆರೆಯ ನೀರುಣ್ಣುವ ಬಯಲಿನಲ್ಲಿ ಸುಗ್ಗಿ ಎಂದರೆ ಒಂದು ಕಾಲಕ್ಕೆ ಕಣ, ರೋಣಗಲ್ಲು, ಎತ್ತುಗಳ ಕೊರಳಗಂಟೆ. ಈಗ ಯಂತ್ರಗಳದೇ ಸದ್ದು. ಚನ್ನಗಿರಿ ಕಡೆಯ ಭತ್ತವಿರಲಿ, ಜಗಳೂರು ಕಡೆಯ ಮೆಕ್ಕೆಜೋಳವಿರಲಿ, ಒಕ್ಕಣೆ ಯಂತ್ರಕ್ಕೆ ಬೆಳೆ ಊಡುವಾಗ ಯಾರದಾದರೂ ಕೈ ಸಿಕ್ಕಿಕೊಂಡಿತೆಂದರೆ ಊರವರ ಬಾಯಲ್ಲಿ ಬರುವ ಮಾತು ಎರಡೇ. 'ಅವನ ಗ್ರಹಚಾರ' ಎನ್ನುವವರು ಕೆಲವರು. 'ಮೈಮೇಲೆ ಎಚ್ಚರ ಬೇಡವೇ?' ಎನ್ನುವವರು ಹಲವರು.

ಕೈ ಅಲ್ಲಿಯವರೆಗೆ ಹೋಗಲು ಆ ಯಂತ್ರ ಬಿಟ್ಟಿದ್ದೇಕೆ ಎಂಬ ಮೂರನೆಯ ಪ್ರಶ್ನೆ ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಅದನ್ನು ಕೇಳುವುದನ್ನೇ ವೃತ್ತಿ ಮಾಡಿಕೊಂಡವರಿದ್ದಾರೆ. ಅವರ ವಿದ್ಯೆಗೆ ಎರ್ಗೊನಾಮಿಕ್ಸ್ ಎಂದು ಹೆಸರು. ಕನ್ನಡದಲ್ಲಿ ದಕ್ಷತಾಶಾಸ್ತ್ರ ಎನ್ನುವುದುಂಟು. ಆದರೆ ಆ ಹೆಸರು ವಿಷಯದ ಅರ್ಧವನ್ನಷ್ಟೇ ಹೇಳುತ್ತದೆ. ಮನುಷ್ಯನ ಕಣ್ಣು, ಕೈ, ನೆನಪು, ನಿದ್ದೆ, ದಣಿವು ಇವುಗಳಿಗೆ ಯಂತ್ರ ಹೊಂದುತ್ತದೆಯೇ ಎಂದು ಪರೀಕ್ಷಿಸುವ ಶಾಸ್ತ್ರವಿದು.

ಎರಡನೇ ಮಹಾಯುದ್ಧದ ಕಾಲದ ಮಾತು. ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಕ್ಷೇಮವಾಗಿ ಇಳಿದ ಮೇಲೆ, ರನ್‌ವೇಯಲ್ಲೇ ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ಪೈಲಟ್‌ಗಳು ರೆಕ್ಕೆಯ ಫ್ಲಾಪ್ ಮಡಚುವ ಬದಲು ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ಆಲ್ಫೋನ್ಸ್ ಚಾಪಾನಿಸ್ ಎಂಬ ತರುಣ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್ಟಿನಲ್ಲಿ ಕುಳಿತು ನೋಡಿದರೆ, ಎರಡರ ಸ್ವಿಚ್‌ಗಳೂ ಅಕ್ಕಪಕ್ಕ, ಆಕಾರವೂ ಒಂದೇ! ಆತ ಚಕ್ರದ ಹಿಡಿಗೆ ಪುಟ್ಟ ಗಾಲಿಯ ಆಕಾರ, ಫ್ಲಾಪಿನ ಹಿಡಿಗೆ ರೆಕ್ಕೆಯ ಆಕಾರ ಕೊಡಿಸಿದ. ಮುಟ್ಟಿದರೆ ಸಾಕು, ಯಾವುದೆಂದು ಕೈಗೇ ತಿಳಿಯುತ್ತಿತ್ತು. ಇಂದಿಗೂ ವಿಮಾನಗಳಲ್ಲಿ ಚಕ್ರದ ಹಿಡಿ ಗಾಲಿಯ ಆಕಾರದಲ್ಲೇ ಇರುತ್ತದೆ.

ನಮ್ಮ ನಾಡಿನ ಕಹಿ ಪಾಠವೂ ಇದೇ ಬಗೆಯದು. 1990ರ ಫೆಬ್ರುವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಹೊಚ್ಚಹೊಸ ಏರ್‌ಬಸ್ ಎ-320 ವಿಮಾನ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿತು. ಒಳಗಿದ್ದ 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು. ನಡುಹಗಲು, ಹವೆಯೂ ಸ್ವಚ್ಛ.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ನೇತೃತ್ವದಲ್ಲಿ ತನಿಖೆ ನಡೆಯಿತು. ಇಳಿಯುವ ಹೊತ್ತಿನಲ್ಲಿ ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿದ್ದವು, ವೇಗ ಕುಸಿಯುತ್ತಿತ್ತು, ಪೈಲಟ್‌ಗಳು ಅದನ್ನು ಸಕಾಲದಲ್ಲಿ ಗ್ರಹಿಸಿ ಶಕ್ತಿ ಹೆಚ್ಚಿಸಲಿಲ್ಲ ಎಂಬ ತೀರ್ಮಾನ ಬಂತು. ಇಲ್ಲಿಗೆ ಕಡತ ಮುಚ್ಚಿದ್ದರೆ ಅದು ಊರವರ ಎರಡನೆಯ ಉತ್ತರವೇ ಆಗುತ್ತಿತ್ತು. ವಿಮಾನ ಆ ಸ್ಥಿತಿಗೆ ಬಂದದ್ದು ಹೇಗೆ ಎಂದು ಹುಡುಕಿದಾಗ ಎದುರಾದ ಒಂದು ಸಾಧ್ಯತೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಿಮಿಷಕ್ಕೆ 700 ಅಡಿಯಂತೆ ಇಳಿಯಲು ಒಂದು ನಾಬ್ ತಿರುಗಿಸಬೇಕು. ಅದರ ಪಕ್ಕದಲ್ಲೇ ಎತ್ತರ ಗೊತ್ತುಮಾಡುವ ನಾಬ್. ಕೈ ಪಕ್ಕದ್ದಕ್ಕೆ ಹೋಗಿ ಎತ್ತರವೇ 700 ಅಡಿ ಎಂದಾಗಿದ್ದರೆ? ಬೆಂಗಳೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಮೇಲಿದೆ. ನೆಲದೊಳಗಿನ ಎತ್ತರವನ್ನು ಹುಡುಕುತ್ತ ಕಂಪ್ಯೂಟರ್ ಇಳಿಸುತ್ತಲೇ ಹೋಗುತ್ತದೆ! ಇನ್ನೊಂದು ಸಂಗತಿ: ಹಳೆಯ ವಿಮಾನಗಳಲ್ಲಿ ಎಂಜಿನ್ ಶಕ್ತಿ ತಗ್ಗಿದರೆ ಥ್ರಾಟಲ್ ಹಿಡಿಯೂ ಹಿಂದಕ್ಕೆ ಸರಿದು ಕೈಗೆ ಸುಳಿವು ಕೊಡುತ್ತಿತ್ತು. ಎ-320ರಲ್ಲಿ ಸ್ವಯಂಚಾಲಿತ ವ್ಯವಸ್ಥೆ ಕೆಲಸ ಮಾಡುವಾಗ ಆ ಹಿಡಿ ಅಲುಗುವುದಿಲ್ಲ.

ಎರಡು ವರ್ಷದ ನಂತರ, 1992ರ ಜನವರಿ 20ರಂದು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ಇದೇ ಮಾದರಿಯ ವಿಮಾನ ಗುಡ್ಡಕ್ಕೆ ಬಡಿದು 87 ಜನ ಸತ್ತರು. 3.3 ಡಿಗ್ರಿ ಇಳಿಜಾರು ಕೊಡಲು ಹೋಗಿ ನಿಮಿಷಕ್ಕೆ 3,300 ಅಡಿ ಇಳಿತ ಕೊಟ್ಟಿರಬಹುದೆಂದು ತನಿಖೆ ಊಹಿಸಿತು, ಏಕೆಂದರೆ ಎರಡನೆಯದು ಪರದೆಯ ಮೇಲೆ ಬರೀ '33' ಎಂದು ಕಾಣುತ್ತಿತ್ತು. ಆಮೇಲೆ ಅಲ್ಲಿ ನಾಲ್ಕೂ ಅಂಕಿ ಕಾಣುವಂತೆ ತಿದ್ದಿದರು. 'ಎಚ್ಚರವಾಗಿರಿ' ಎಂಬ ಸುತ್ತೋಲೆಗಿಂತ ಆ ಎರಡು ಸೊನ್ನೆಗಳ ಬೆಲೆ ಹೆಚ್ಚು ಎಂದೇ ನನ್ನ ಅಭಿಪ್ರಾಯ.

2010ರ ಮೇ 22ರ ಮಂಗಳೂರಿನ ಕಥೆಯಲ್ಲಿ ನಾಬ್ ಇಲ್ಲ, ನಿದ್ದೆಯಿದೆ. ದುಬೈನಿಂದ ರಾತ್ರಿಯಿಡೀ ಹಾರಿ ಬೆಳಗಿನ ಆರರ ಸುಮಾರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಮುಂದೆ ಹೋಗಿ ನೆಲ ಮುಟ್ಟಿತು. ನಿಲ್ಲಲಾರದೆ ಕಣಿವೆಗೆ ಬಿತ್ತು. 158 ಸಾವು, ಬದುಕಿದವರು ಎಂಟೇ ಜನ. ಧ್ವನಿಮುದ್ರಿಕೆಯಲ್ಲಿ ಕ್ಯಾಪ್ಟನ್ನರ ಗೊರಕೆ ಕೇಳಿಸಿತ್ತು. ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ತನಿಖಾ ವರದಿ ಇಲ್ಲಿ ನಿದ್ರಾಜಡತ್ವದ ಪ್ರಸ್ತಾಪ ಮಾಡುತ್ತದೆ. ಗಾಢನಿದ್ದೆಯಿಂದ ಎದ್ದವನ ಕಣ್ಣು ತೆರೆದಿದ್ದರೂ ಬುದ್ಧಿ ಕೆಲಹೊತ್ತು ಮಂಕಾಗಿರುತ್ತದೆ. ಪರೀಕ್ಷೆಯ ದಿನ ನಸುಕಿನಲ್ಲಿ ಎಬ್ಬಿಸಿದ ಮಕ್ಕಳನ್ನು ಕಂಡ ತಾಯಂದಿರಿಗೆ ಇದನ್ನು ವಿವರಿಸಬೇಕಿಲ್ಲ. ಸಹಪೈಲಟ್ 'ಮತ್ತೆ ಮೇಲೇರೋಣ' ಎಂದು ಮೂರು ಬಾರಿ ಹೇಳಿದ್ದರು. ಆದರೆ ವಿಮಾನದ ಹಿಡಿತ ಕೈಗೆತ್ತಿಕೊಳ್ಳಲಿಲ್ಲ. ಹಿರಿಯರ ಎದುರು ಕಿರಿಯರ ಮಾತು ಎಷ್ಟು ನಡೆಯುತ್ತದೆ ಎಂಬುದೂ ಈ ಶಾಸ್ತ್ರದ ಪಠ್ಯವೇ.

ತಪ್ಪಿತಸ್ಥರನ್ನು ಹಿಡಿಯುವುದು ಪೊಲೀಸರ, ನ್ಯಾಯಾಲಯದ ಕೆಲಸ. ವಿಮಾನ ಅಪಘಾತದ ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತ ತಪ್ಪಿಸುವುದು ಎಂದು ಅಂತರರಾಷ್ಟ್ರೀಯ ನಿಯಮವಿದೆ. ಇದಕ್ಕೆಂದೇ ನಮ್ಮಲ್ಲಿ 2012ರಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೋ ಸ್ಥಾಪನೆಯಾಯಿತು.

ಈ ದಾರಿ ಹಿಡಿಯಲು ಏನು ಓದಬೇಕೆಂದು ಪಾಲಕರು ಕೇಳಬಹುದು. ಬಾಗಿಲು ಒಂದೇ ಅಲ್ಲ. ಎಂಜಿನಿಯರಿಂಗ್, ಮನಶ್ಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ವಿನ್ಯಾಸ, ಯಾವುದರಿಂದಲೂ ಒಳಬರಬಹುದು. ಮುಂಬಯಿ ಮತ್ತು ಗುವಾಹಟಿ ಐಐಟಿಗಳ ವಿನ್ಯಾಸ ವಿಭಾಗಗಳಲ್ಲಿ ಈ ವಿಷಯದ ಅಧ್ಯಯನವಿದೆ. ವೈದ್ಯರಾಗಿ ಪೈಲಟ್‌ಗಳ ದೇಹ-ಮನಸ್ಸು ಅರಿಯಬೇಕೆನ್ನುವವರಿಗೆ ಬೆಂಗಳೂರಿನಲ್ಲೇ ವಾಯುಪಡೆಯ ಏರೋಸ್ಪೇಸ್ ವೈದ್ಯಕೀಯ ಸಂಸ್ಥೆಯಿದೆ. ಪಿಯುಸಿಯಲ್ಲಿ ಗಣಿತ ತೆಗೆದುಕೊಂಡವರು ಜೀವಶಾಸ್ತ್ರದ ಪುಸ್ತಕವನ್ನು ಅಟ್ಟಕ್ಕೆ ಎಸೆಯದಿದ್ದರೆ ಒಳ್ಳೆಯದು.

ವಿಮಾನ ಹತ್ತದವರ ಮಕ್ಕಳಿಗೂ ಇಲ್ಲಿ ಕೆಲಸವಿದೆ. ಒಕ್ಕಣೆ ಯಂತ್ರದ ಅಪಘಾತಗಳಿಂದಾಗಿಯೇ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ತಂದಿತು. ಬೆಳೆ ಊಡುವ ತೊಟ್ಟಿ ಕನಿಷ್ಠ 90 ಸೆಂಟಿಮೀಟರ್ ಉದ್ದವಿರಬೇಕು, ಅದರಲ್ಲಿ 45 ಸೆಂಟಿಮೀಟರ್ ಮೇಲಿನಿಂದ ಮುಚ್ಚಿರಬೇಕು ಎಂಬುದು ಸುರಕ್ಷತೆಯ ಅಳತೆ. ಕೈ ಎಷ್ಟು ಚಾಚಿದರೂ ಉರುಳೆಯ ಹಲ್ಲಿಗೆ ಎಟುಕಬಾರದು ಎಂಬುದೇ ಇದರ ಲೆಕ್ಕ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ದೇಶದ ನಾನಾ ಭಾಗದ ರೈತರ, ರೈತ ಮಹಿಳೆಯರ ತೋಳು, ಅಂಗೈ, ಎತ್ತರಗಳನ್ನು ಅಳೆದು ಸಂಗ್ರಹಿಸಿದ್ದಾರೆ. ಈ ಸುಗ್ಗಿಯಲ್ಲಿ ಬಾಡಿಗೆಗೆ ಬರುವ ಯಂತ್ರದ ತೊಟ್ಟಿಗೆ ಹೈಸ್ಕೂಲಿನ ಹುಡುಗನೊಬ್ಬ, ಎಂಜಿನ್ ನಿಂತಿರುವಾಗ, ಅಳತೆಪಟ್ಟಿ ಹಿಡಿದು ನೋಡಬಹುದು.