ಐ.ಸಿ.ಎಸ್. ಆಯ್ಕೆ: ತೆರೆದ ಬಾಗಿಲು, ದೂರದ ಹೊಸಿಲು

ಜಿಲ್ಲೆಯ ಕಲೆಕ್ಟರ್, ಜಿಲ್ಲಾ ನ್ಯಾಯಾಧೀಶ, ಸರ್ಕಾರದ ಕಾರ್ಯದರ್ಶಿ: ಬ್ರಿಟಿಷ್ ಇಂಡಿಯಾದ ಇಂಥ ಆಯಕಟ್ಟಿನ ಹುದ್ದೆಗಳು ಬಹುಪಾಲು ಇಂಡಿಯನ್ ಸಿವಿಲ್ ಸರ್ವಿಸ್‌ನವರ ಕೈಯಲ್ಲಿದ್ದವು. ಸುಮಾರು ಸಾವಿರ ಅಧಿಕಾರಿಗಳ ಈ ಸೇವೆಗೆ ಯಾರನ್ನು, ಎಲ್ಲಿ, ಹೇಗೆ ಆರಿಸಬೇಕು ಎಂಬುದು ದಶಕಗಳ ಕಾಲ ರಾಜಕೀಯ ವಿವಾದವಾಗಿತ್ತು.

ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ನಿರ್ದೇಶಕರ ಕೃಪೆಯೇ ಮೊದಲ ಅರ್ಹತೆ. ಅವರು ಹೆಸರಿಸಿದ ಹುಡುಗರು ಹೇಲಿಬರಿಯ ಕಂಪನಿ ಕಾಲೇಜಿನಲ್ಲಿ ಓದಿ ಹಡಗು ಹತ್ತುತ್ತಿದ್ದರು. 1853ರ ಸನ್ನದು ಕಾಯ್ದೆ ಈ ಪದ್ಧತಿಗೆ ತೆರೆ ಎಳೆಯಿತು. ಮೆಕಾಲೆ ಸಮಿತಿಯ 1854ರ ವರದಿಯಂತೆ ಮರುವರ್ಷ ಲಂಡನ್ನಿನಲ್ಲಿ ಮೊದಲ ಸ್ಪರ್ಧಾ ಪರೀಕ್ಷೆ ನಡೆಯಿತು.

ಮೊದಲು ವಿಶಾಲವಾದ ಉದಾರ ಶಿಕ್ಷಣ, ಆಯ್ಕೆಯಾದ ಮೇಲೆ ಭಾರತದ ಕಾನೂನು ಮತ್ತು ಭಾಷೆಗಳ ಕಲಿಕೆ ಎಂಬುದು ಸಮಿತಿಯ ನಿಲುವು. ಅದು ಸೂಚಿಸಿದ ಒಟ್ಟು 6,875 ಅಂಕಗಳಲ್ಲಿ ಗ್ರೀಕ್ ಮತ್ತು ಲ್ಯಾಟಿನ್‌ಗೆ ತಲಾ 750, ಸಂಸ್ಕೃತ ಮತ್ತು ಅರಬ್ಬಿಗೆ ತಲಾ 375. ಇಂಗ್ಲೆಂಡಿನ ಶಾಲೆಗಳಲ್ಲಿ ಬೆಳೆದವರಿಗೆ ಈ ಲೆಕ್ಕಾಚಾರವೇ ಅನುಕೂಲವಾಗಿತ್ತು. ತೇರ್ಗಡೆಯಾದವರು ತರಬೇತಿಯ ಅವಧಿಯಲ್ಲಿ ಕುದುರೆ ಸವಾರಿಯನ್ನೂ ಕಲಿಯಬೇಕಿತ್ತು. 1890ರಲ್ಲಿ ಪರೀಕ್ಷೆ ಗೆದ್ದ ಅರವಿಂದ ಘೋಷ್ ಸವಾರಿಯ ಪರೀಕ್ಷೆ ಪೂರೈಸದೆ ಹೊರಗುಳಿದರು.

ಕಾಯ್ದೆ ಭಾರತೀಯರನ್ನು ತಡೆಯಲಿಲ್ಲ. ಸಮುದ್ರಯಾನದ ಖರ್ಚು, ಜಾತಿಯ ಕಟ್ಟುಪಾಡು ಮತ್ತು ವಯೋಮಿತಿ ತಡೆದವು. ಮೊದಲು ಗೆದ್ದ ಭಾರತೀಯ ರವೀಂದ್ರನಾಥ ಠಾಕೂರರ ಅಣ್ಣ ಸತ್ಯೇಂದ್ರನಾಥ, 1863ರಲ್ಲಿ. ಮುಂಬಯಿ ಪ್ರಾಂತ್ಯಕ್ಕೆ ನೇಮಕಗೊಂಡ ಅವರು ಕಾರವಾರದಲ್ಲೂ ನ್ಯಾಯಾಧೀಶರಾಗಿದ್ದರು. 1869ರಲ್ಲಿ ರಮೇಶಚಂದ್ರ ದತ್ತ, ಬಿಹಾರಿಲಾಲ್ ಗುಪ್ತ, ಸುರೇಂದ್ರನಾಥ ಬ್ಯಾನರ್ಜಿ, ಶ್ರೀಪಾದ ಬಾಬಾಜಿ ಠಾಕೂರ್ ಗೆದ್ದರು. ಕೊನೆಯ ಇಬ್ಬರನ್ನು ವಯಸ್ಸಿನ ಲೆಕ್ಕದ ನೆಪದಲ್ಲಿ ಕೈಬಿಡಲಾಯಿತು. ಇಂಗ್ಲೆಂಡಿನ ನ್ಯಾಯಾಲಯದ ಮೊರೆಹೋದ ಮೇಲೆ ಅವರಿಗೆ ಸ್ಥಾನ ದಕ್ಕಿತು.

ಆರಂಭದಲ್ಲಿ 23 ಇದ್ದ ಗರಿಷ್ಠ ವಯಸ್ಸು ಇಳಿಯುತ್ತಾ 1878ರಲ್ಲಿ 19ಕ್ಕೆ ಬಂತು. ಇದನ್ನು ವಿರೋಧಿಸಿ ಬ್ಯಾನರ್ಜಿ ದೇಶ ಸುತ್ತಿ ಜನಾಭಿಪ್ರಾಯ ಕೂಡಿಸಿದರು. ಸರ್ಕಾರ 1879ರಲ್ಲಿ ಒಳ್ಳೆಯ ಮನೆತನದ ಭಾರತೀಯರನ್ನು ನೇರವಾಗಿ ಹೆಸರಿಸುವ ಸ್ಟ್ಯಾಚುಟರಿ ಸೇವೆಯನ್ನು ತಂದಿತು. ಕುಲಕ್ಕೆ ಮಣೆ ಹಾಕಿದ ಈ ಏರ್ಪಾಡು ವಿದ್ಯಾವಂತರಿಗೆ ಒಪ್ಪಿಗೆಯಾಗಲಿಲ್ಲ. 1886ರಲ್ಲಿ ನೇಮಕವಾದ ಐಚಿಸನ್ ಆಯೋಗ ಅದನ್ನು ಕೈಬಿಟ್ಟು ಪ್ರಾಂತೀಯ ಸೇವೆಗಳನ್ನು ರೂಪಿಸಲು, ವಯೋಮಿತಿಯನ್ನು 23ಕ್ಕೆ ಏರಿಸಲು ಸಲಹೆ ನೀಡಿತು.

ಲಂಡನ್ನಿನೊಂದಿಗೆ ಭಾರತದಲ್ಲೂ ಪರೀಕ್ಷೆ ನಡೆಯಬೇಕೆಂಬುದು ಕಾಂಗ್ರೆಸ್ಸಿನ ಮೊದಲ ಅಧಿವೇಶನದಿಂದಲೇ ಇದ್ದ ಬೇಡಿಕೆ. 1893ರಲ್ಲಿ ಕಾಮನ್ಸ್ ಸಭೆ ಇದಕ್ಕೆ ಒಪ್ಪಿದರೂ ಭಾರತ ಸರ್ಕಾರದ ವಿರೋಧದಿಂದ ನಿರ್ಣಯ ಕಾಗದದಲ್ಲೇ ಉಳಿಯಿತು. ಅಲಹಾಬಾದಿನಲ್ಲಿ ಪರೀಕ್ಷೆ ನಡೆದದ್ದು 1922ರಲ್ಲಿ. ಹದಿನೈದು ವರ್ಷಗಳಲ್ಲಿ ಸೇವೆಯ ಅರ್ಧದಷ್ಟು ಭಾರತೀಯರಾಗಬೇಕೆಂದು ಲೀ ಆಯೋಗ 1924ರಲ್ಲಿ ಹೇಳಿತು. 1926ರಲ್ಲಿ ಲೋಕಸೇವಾ ಆಯೋಗ ಸ್ಥಾಪನೆಯಾಯಿತು. 1947ರ ವೇಳೆಗೆ ಸೇವೆಯಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಭಾರತೀಯರೇ ಆಗಿದ್ದರು.