ಥರ್ಮಾಕೋಲ್ ಕತ್ತರಿಸುವ ದೊಡ್ಡ ಸಿಎನ್‌ಸಿ ಯಂತ್ರ: ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಸಾಧ್ಯವೇ?

ಕಂಪ್ಯೂಟರ್ ಹೇಳಿದಂತೆ ಕತ್ತರಿಸುವ ಸಿಎನ್‌ಸಿ ಯಂತ್ರ ಎಂದರೆ ಭಾರದ ಕಬ್ಬಿಣ, ಲಕ್ಷಗಟ್ಟಲೆ ಖರ್ಚು ಎಂಬ ಭಾವನೆ ಹಲವರಲ್ಲಿದೆ. ಲೋಹ ಕೊರೆಯುವ ಯಂತ್ರಗಳ ಮಟ್ಟಿಗೆ ಅದು ಬಹುಪಾಲು ನಿಜ. ಆದರೆ ವೇದಿಕೆಯ ಅಲಂಕಾರ, ದೊಡ್ಡ ಅಕ್ಷರ, ಮಾದರಿ ವಿಮಾನದ ರೆಕ್ಕೆಗಳನ್ನು ಥರ್ಮಾಕೋಲಿನಲ್ಲಿ ಕತ್ತರಿಸುವ ಯಂತ್ರದ ಲೆಕ್ಕವೇ ಬೇರೆ. ಏಕೆಂದು ನೋಡೋಣ.

ಕೊಯ್ಯುವುದಲ್ಲ, ಕರಗಿಸುವುದು

ಥರ್ಮಾಕೋಲಿನ ಗಾತ್ರದಲ್ಲಿ ಸುಮಾರು ಶೇ. 98ರಷ್ಟು ಗಾಳಿಯೇ. ಉಳಿದದ್ದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಇದು ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ. ಕಾದ ತಂತಿ ಸಮೀಪಿಸಿದರೆ ಸಾಕು, ಕರಗಿ ದಾರಿ ಬಿಡುತ್ತದೆ. ತಂತಿಯನ್ನು ಬಲವಾಗಿ ತಳ್ಳಬೇಕಿಲ್ಲವಾದ್ದರಿಂದ ಯಂತ್ರವೂ ಗಟ್ಟಿಮುಟ್ಟಾಗಿರಬೇಕಿಲ್ಲ. ಪ್ಲೈವುಡ್ ಚೌಕಟ್ಟು, ಮೇಜಿನ ಡ್ರಾಯರಿಗೆ ಹಾಕುವ ಚಾನೆಲ್, 3ಡಿ ಪ್ರಿಂಟರಿನ ಸಣ್ಣ ಸ್ಟೆಪ್ಪರ್ ಮೋಟಾರುಗಳು ಸಾಕು.

ತಂತಿಯ ಎರಡು ತುದಿಗಳಿಗೆ ಎರಡು ಕಂಬ. ಪ್ರತಿ ಕಂಬಕ್ಕೂ ಎರಡು ಮೋಟಾರು: ಒಂದು ಮೇಲೆ ಕೆಳಗೆ, ಇನ್ನೊಂದು ಹಿಂದೆ ಮುಂದೆ. ಎರಡೂ ತುದಿಗಳು ಬೇರೆ ಬೇರೆಯಾಗಿ ಚಲಿಸುವುದರಿಂದ, ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾದ ರೆಕ್ಕೆಯನ್ನೂ ಕತ್ತರಿಸಬಹುದು. ಮೋಟಾರು 200 ಹೆಜ್ಜೆಗಳಲ್ಲಿ ಒಂದು ಸುತ್ತು ತಿರುಗುತ್ತದೆ. ಹಾರ್ಡ್‌ವೇರ್ ಅಂಗಡಿಯ 8 ಮಿ.ಮೀ. ಮರೆ ಇರುವ ರಾಡು ಒಂದು ಸುತ್ತಿಗೆ 1.25 ಮಿ.ಮೀ. ಸರಿಸುತ್ತದೆ. ಈ ಕೆಲಸಕ್ಕೆ ಇಷ್ಟು ಸೂಕ್ಷ್ಮತೆ ಧಾರಾಳ. ಆದರೆ ಉದ್ದದ ರಾಡು ವೇಗವಾಗಿ ತಿರುಗಿದರೆ ಬಳುಕುತ್ತದೆ. ಅಲ್ಲಿ ಹಲ್ಲಿನ ಬೆಲ್ಟ್ ಒಳ್ಳೆಯದು.

ನಿಜವಾದ ಸವಾಲು ತಂತಿಯದ್ದು

ಯಂತ್ರ ದೊಡ್ಡದಾದಷ್ಟೂ ತಂತಿ ಉದ್ದವಾಗುತ್ತದೆ. 1.2 ಮೀಟರ್ ನೈಕ್ರೋಮ್ ತಂತಿ 200 ಡಿಗ್ರಿಯಷ್ಟು ಹೆಚ್ಚು ಕಾದರೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ. ಬಿಗಿಯಾಗಿ ಕಟ್ಟಿದ್ದರೂ ಸಡಿಲವಾಗಿ ಜೋಲುತ್ತದೆ, ಕತ್ತರಿಸಿದ ಮೈ ಡೊಂಕಾಗುತ್ತದೆ. ಆದ್ದರಿಂದ ಒಂದು ತುದಿಗೆ ಸ್ಪ್ರಿಂಗ್ ಇಲ್ಲವೇ ರಾಟೆಯ ಮೇಲಿಂದ ತೂಗುವ ತೂಕ ಬೇಕೇ ಬೇಕು.

0.4 ಮಿ.ಮೀ. ದಪ್ಪದ ಇಂಥ ತಂತಿಯ ರೋಧ ಸುಮಾರು 10 ಓಮ್. ಒಂದೂವರೆ ಆಂಪಿಯರ್ ಹರಿಸಲು 15–16 ವೋಲ್ಟ್ ಸಾಕು. ಅಂದರೆ 24 ವೋಲ್ಟ್‌ನ ಪವರ್ ಸಪ್ಲೈ, ಅದಕ್ಕೊಂದು ವಿದ್ಯುತ್ ಹೊಂದಿಸುವ ಸರ್ಕ್ಯೂಟ್ ಇದ್ದರಾಯಿತು. ಹಣ ಉಳಿಸಲು ಫ್ಯಾನಿನ ರೆಗ್ಯುಲೇಟರ್ ಮೂಲಕ ಮನೆಯ 230 ವೋಲ್ಟ್ ಅನ್ನು ನೇರವಾಗಿ ತಂತಿಗೆ ಕೊಡುವವರಿದ್ದಾರೆ. ಬರಿಗೈಗೆ ತಾಕುವ ತಂತಿಯಿದು, ಜೀವವೇ ಹೋಗಬಹುದು.

ತಂತಿ ಕೆಂಪಾದಷ್ಟೂ ಒಳ್ಳೆಯದೇ?

ಅಲ್ಲ. ತಂತಿ ಕೆಂಪಗೆ ಕಾಣುವುದು ಸುಮಾರು 500 ಡಿಗ್ರಿ ದಾಟಿದಾಗ. ಆ ಬಿಸಿಗೆ ಪ್ಲಾಸ್ಟಿಕ್ ಕರಗುವುದಷ್ಟೇ ಅಲ್ಲ, ಒಡೆದು ಹೊಗೆಯಾಗುತ್ತದೆ, ಹೊತ್ತಿಕೊಳ್ಳಲೂಬಹುದು. ಸೀಳೂ ಅಗಲವಾಗುತ್ತದೆ. ವೇಗ ತೀರಾ ಕಡಿಮೆಯಾದರೂ ಇದೇ ತೊಂದರೆ. ಮೊದಲು ಚೂರುಪಾರು ತುಂಡುಗಳ ಮೇಲೆ ಬಿಸಿ ಮತ್ತು ವೇಗವನ್ನು ಹೊಂದಿಸಿಕೊಳ್ಳಬೇಕು.

ಹೊಗೆಯಲ್ಲಿರುವ ಸ್ಟೈರೀನನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2018ರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಗುಂಪಿಗೆ ಸೇರಿಸಿದೆ. ಧೂಳು ತಡೆಯುವ ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ. ಹೊಗೆಯನ್ನು ಹೊರಗೆ ತಳ್ಳುವ ಎಕ್ಸಾಸ್ಟ್ ಫ್ಯಾನ್ ಬೇಕು. ಹಾಸಿಗೆ, ಸೋಫಾಗಳಲ್ಲಿರುವ ಪಾಲಿಯುರೆಥೇನ್ ಫೋಮನ್ನಂತೂ ಈ ತಂತಿಗೆ ಒಡ್ಡಲೇಬಾರದು. ಅದು ಅತಿಯಾಗಿ ಕಾದರೆ ಸಯನೈಡ್‌ನಂಥ ವಿಷಾನಿಲ ಬರುತ್ತದೆ.

ಚೌಕಟ್ಟು, ಚಾನೆಲ್, ಮೋಟಾರುಗಳಲ್ಲಿ ಎಷ್ಟು ಬೇಕಾದರೂ ಉಳಿಸೋಣ. ಪವರ್ ಸಪ್ಲೈ, ಎಕ್ಸಾಸ್ಟ್ ಫ್ಯಾನ್ ಮತ್ತು ಕೈಗೆಟಕುವ ತುರ್ತು ಸ್ವಿಚ್, ಈ ಮೂರರಲ್ಲಿ ಮಾತ್ರ ಜಿಪುಣತನ ಬೇಡ.