ಕರಿ ಮರಳಿನಲ್ಲಿ ಹತ್ತು ಚೂರು ಬಂಗಾರ

ಜೋರು ಮಳೆ ಬಂದು ನಿಂತ ಮಾರನೇ ದಿನ ನಮ್ಮೂರ ಹಳ್ಳದ ತಿರುವಿನಲ್ಲಿ ಕಾಡಿಗೆ ಎಳೆದಂಗೆ ಕರಿ ಮರಳು ಕೂತಿರುತ್ತಲ್ಲ, ಅದನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಆಯಸ್ಕಾಂತ ಇಟ್ಟರೆ ಮುಳ್ಳುಹಂದಿ ಹಾಗೆ ಅಂಟಿಕೊಳ್ಳುತ್ತೆ. ಅದು ಹೆಚ್ಚಾಗಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರಿನ ಪುಡಿ. ಬಂಗಾರ ಇರುವ ಹಳ್ಳಗಳಲ್ಲಿ ಅದು ಕೂರುವುದೂ ಇಂಥ ಕರಿ ಮರಳಿನ ಜೊತೆಗೇ ಅಂತ ವಿಜ್ಞಾನದ ಮೇಷ್ಟ್ರು ಹೇಳಿದ ದಿನದಿಂದ ನನಗೆ ನಿದ್ದೆ ಇಲ್ಲ. (ನಾನು ದೇವಸ್ಥಾನದ ಕೊಳದ ಮರಳು ಮುಟ್ಟಿಲ್ಲ, ಹಳ್ಳದ್ದೇ ಎರಡು ಬೊಗಸೆ ತಂದಿದ್ದು ಅಂತ ಮೊದಲೇ ಹೇಳಿಬಿಡುತ್ತೇನೆ.)

ಹುಚ್ಚು ಅಂತ ನಗಬೇಡಿ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆಯಾದ ಮೇಲೆ ಮರಳು ತೊಳೆದು ಬಂಗಾರ ತೆಗೆಯುತ್ತಿದ್ದವರಿಗೆ ಜಲಗಾರರು ಅಂತಲೇ ಹೆಸರು. 1802ರಲ್ಲಿ ವಾರನ್ ಎಂಬ ಬ್ರಿಟಿಷ್ ಸೇನೆಯ ಅಧಿಕಾರಿ ಕೋಲಾರದ ಕಡೆ ಬಂದಾಗ, ಹಳ್ಳಿಯವರೇ ಮಣ್ಣು ತಂದು ಅವನ ಕಣ್ಣೆದುರು ತೊಳೆದು ಬಂಗಾರದ ಪುಡಿ ತೋರಿಸಿದರಂತೆ. ಆಮೇಲೆ ಅಲ್ಲಿ ದೊಡ್ಡ ಗಣಿಯೇ ಆಯಿತು, 2001ರಲ್ಲಿ ಮುಚ್ಚಿತು. ಗದಗದ ಬಂಗಾರದ ಕಲ್ಲಿನ ಪಟ್ಟಿ ನಮ್ಮ ಚಿತ್ರದುರ್ಗ ಜಿಲ್ಲೆಯನ್ನು ಹಾದು ತುಮಕೂರಿನ ಕಡೆಗೆ ಹೋಗುತ್ತದೆ. ಅಷ್ಟು ಸಾಕಲ್ಲ ನನಗೆ!

ಮರಳು ತೊಳೆದೆ. ತಳದಲ್ಲಿ ಹಳದಿ ಮಿಂಚು ಕಂಡಿತು. ಕಾಗದದಲ್ಲಿ ಕಟ್ಟಿಕೊಂಡು ಅಕ್ಕಸಾಲಿ ತಾತನ ಹತ್ರ ಓಡಿದೆ. ಅವರು ಸೂಜಿ ಮೊನೆಯಿಂದ ಒತ್ತಿದರು, ಅದು ಪದರ ಪದರವಾಗಿ ಬಿಟ್ಟುಕೊಂಡಿತು. "ಕಾಗೆ ಬಂಗಾರ ಕಣೋ ಇದು. ಬಂಗಾರ ಆಗಿದ್ರೆ ಪುಡಿ ಆಗಲ್ಲ, ಚಪ್ಪಟೆ ಆಗ್ತದೆ. ನೆರಳಲ್ಲೂ ಅದೇ ಬಣ್ಣ ಇರ್ತದೆ" ಅಂದರು. ನನ್ನ ಮುಖ ನೋಡಿ ಮತ್ತೆ ಅಂದರು: "ನಿಜವಾದ್ದು ಇದ್ರೂ ನಿನ್ನ ಕೈಗೆ ಸಿಕ್ತಿರಲಿಲ್ಲ. ತೊಳೆಯೋಕೆ ಬರಬೇಕಲ್ಲ!" ಕೊನೆಗೆ ಗಸಗಸೆಗಿಂತ ಸಣ್ಣ ಹತ್ತು ಚೂರು ಎಣಿಸಿ ಕೊಟ್ಟು, "ನಿನ್ನ ಮರಳಿಗೆ ಕಲಸಿ ವಾಪಸ್ ತೆಗಿ. ಒಂದು ಕಮ್ಮಿ ಆದ್ರೂ ನಿಮ್ಮಪ್ಪನ ಹತ್ರ ದುಡ್ಡು ಇಸ್ಕೋತೀನಿ" ಅಂದರು.

ಅಪ್ಪನಿಗೆ ಇದು ಗೊತ್ತಾಗುವ ಹಾಗಿರಲಿಲ್ಲ.

ದಾರಿ ತೋರಿಸಿದ್ದು ನಮ್ಮಜ್ಜಿ. ಅಜ್ಜಿ ಅಕ್ಕಿ ಗಾಳಿಸುವುದನ್ನು ನೋಡಿದ್ದೀರಲ್ಲ? ನೀರು ಹಾಕಿ ಕುಲುಕಿ ಕುಲುಕಿ ಬಗ್ಗಿಸಿದರೆ ಅಕ್ಕಿ ಮುಂದೆ ಹೋಗುತ್ತೆ, ಕಲ್ಲು ತಳದಲ್ಲಿ ಉಳಿಯುತ್ತೆ. ಬಂಗಾರ ತೊಳೆಯುವುದೂ ಇದೇ. ಅಜ್ಜಿಗೆ ಬೇಡವಾದ ಕಲ್ಲೇ ಇಲ್ಲಿ ನಮಗೆ ಬೇಕಾದ್ದು. ಒಂದು ಲೋಟ ನೀರಿನ ತೂಕ 1 ಅಂತ ಇಟ್ಟುಕೊಂಡರೆ, ಅಷ್ಟೇ ಜಾಗ ಹಿಡಿಯುವ ಬಿಳಿ ಮರಳಿನ ಕಲ್ಲು 2.65, ಮ್ಯಾಗ್ನಟೈಟ್ ಸುಮಾರು 5.2, ಶುದ್ಧ ಬಂಗಾರ 19.3. ಹಾಗಾಗಿ ಬಿಳಿ ಮರಳು ಬೇಗ ಹೋಗುತ್ತದೆ, ಕರಿ ಮರಳು ಹಟ ಹಿಡಿದು ಬಂಗಾರದ ಜೊತೆ ಕೂರುತ್ತದೆ.

ಬಂಗಾರ ಸಣ್ಣಗಾದಷ್ಟೂ ಕಷ್ಟ. ಚೂರಿನ ಉದ್ದ ಅಗಲ ದಪ್ಪ ಹತ್ತರಲ್ಲೊಂದು ಪಾಲಾದರೆ ತೂಕ ಸಾವಿರದಲ್ಲೊಂದು ಪಾಲಾಗುತ್ತದೆ, ಆದರೆ ನೀರು ಹಿಡಿಯುವ ಮೈ ನೂರರಲ್ಲೊಂದು ಪಾಲು ಉಳಿದಿರುತ್ತದೆ. ಅದಕ್ಕೇ ಸಣ್ಣ ಚೂರನ್ನು ನೀರು ಸುಲಭವಾಗಿ ಎಳೆದುಕೊಂಡು ಹೋಗುತ್ತದೆ. ದಪ್ಪ ಕರಿ ಹರಳೂ ಸಣ್ಣ ಬಂಗಾರದ ಚೂರೂ ಒಂದೇ ತೂಕ ಇರಬಹುದು, ಆಗ ಕುಲುಕಿದರೂ ಬೇರೆಯಾಗಲ್ಲ. ಆದ್ದರಿಂದ ಮೊದಲು ಜರಡಿ ಹಿಡಿಯಲೇಬೇಕು. ನಾನು ಹಿಡಿದದ್ದು ಮನೆಯ ಟೀ ಜಾಲರಿ.

ಮೊದಲ ಸಲ ಸಿಕ್ಕಿದ್ದು ಆರು ಚೂರು. ಪುಣ್ಯಕ್ಕೆ ತಟ್ಟೆಯ ಕೆಳಗೆ ಬೋಗುಣಿ ಇಟ್ಟಿದ್ದೆ. ನೋಡಿದರೆ ಅದರ ನೀರಿನ ಮೇಲೆ ಎರಡು ಚೂರು ತೇಲುತ್ತಿವೆ! ಇಷ್ಟು ಭಾರದ ಬಂಗಾರ ತೇಲುವುದೇ? ಚೂರಿಗೆ ಕೈಯ ಜಿಡ್ಡು ಅಂಟಿದರೆ ನೀರು ಅದನ್ನು ಒದ್ದೆ ಮಾಡಲ್ಲ, ನೀರಿನ ಮೇಲ್ಮೈಯೇ ಹೊತ್ತುಕೊಳ್ಳುತ್ತದೆ ಅಂತ ಮೇಷ್ಟ್ರು ವಿವರಿಸಿದರು. ಒಂದು ತೊಟ್ಟು ಸೋಪಿನ ನೀರು ಬಿಟ್ಟ ತಕ್ಷಣ ಎರಡೂ ಮುಳುಗಿದವು. ಎಂಟಾಯಿತು.

ಉಳಿದ ಕರಿ ಮರಳನ್ನು ಒಣಗಿಸಿ, ಹಳೇ ರೇಡಿಯೋ ಸ್ಪೀಕರಿನ ಆಯಸ್ಕಾಂತಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಮೇಲೆ ಆಡಿಸಿದೆ. ಕವರ್ ಇಲ್ಲದಿದ್ದರೆ ಪುಡಿ ಬಿಡಿಸಲು ಸಂಜೆಯಾಗುತ್ತೆ. ಬಂಗಾರ ಆಯಸ್ಕಾಂತಕ್ಕೆ ಅಂಟಲ್ಲ ನಿಜ, ಆದರೆ ಕರಿ ಪುಡಿಯ ಗಡ್ಡದೊಳಗೆ ಸಿಕ್ಕಿಕೊಂಡು ಬರುತ್ತೆ. ಅದಕ್ಕೆ ತೆಳ್ಳಗೆ ಹರಡಿ, ಎತ್ತಿದ್ದನ್ನು ಕೊಡವಿ, ಮತ್ತೆ ಎತ್ತಬೇಕು. ಮೂರನೇ ಸಲಕ್ಕೆ ಒಂಬತ್ತನೆಯದು ಸಿಕ್ಕಿತು. ಆಯಸ್ಕಾಂತಕ್ಕೂ ಬಗ್ಗದ ಕರಿ ಹರಳು ಸ್ವಲ್ಪ ಉಳಿಯುತ್ತವೆ. ಅವನ್ನು ಕಾಗದದ ಮೇಲೆ ಹಾಕಿ, ಮೊರದಲ್ಲಿ ಕೇರಿದಂಗೆ ತಟ್ಟುತ್ತಾ ಮೆಲ್ಲಗೆ ಊದಬೇಕು. ಜೋರಾಗಿ ಊದಿದರೆ ಎಲ್ಲಾ ಹೋಯ್ತು.

ಹತ್ತನೆಯದು ಎಲ್ಲೂ ಇಲ್ಲ. ಎರಡು ದಿನ ಅಕ್ಕಸಾಲಿ ತಾತನ ಬೀದಿಗೇ ಹೋಗಲಿಲ್ಲ. ಪಾದರಸ ಹಾಕಿದರೆ ಬಂಗಾರವನ್ನು ಹಿಡಿದುಕೊಳ್ಳುತ್ತೆ, ಕಾಸಿದರೆ ಪಾದರಸ ಹಾರಿಹೋಗಿ ಬಂಗಾರ ಉಳಿಯುತ್ತೆ ಅಂತ ಗೆಳೆಯನೊಬ್ಬ ಹೇಳಿದ. ಮೇಷ್ಟ್ರನ್ನು ಕೇಳಿದ್ದಕ್ಕೆ ಚೆನ್ನಾಗಿ ಬೈಸಿಕೊಂಡೆ. ಆ ಹಬೆ ಕುಡಿದವರ ನರ, ಮಿದುಳು, ಮೂತ್ರಪಿಂಡ ಕೆಡುತ್ತದಂತೆ. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದವನ್ನು ನಮ್ಮ ದೇಶವೂ 2018ರಲ್ಲಿ ಅನುಮೋದಿಸಿದೆ. ನೀವ್ಯಾರೂ ಆ ಗೋಜಿಗೆ ಹೋಗಬೇಡಿ. ಹಾಗೇ ಹಳ್ಳ ಅಗೆಯಲೂ ಹೋಗಬೇಡಿ, ಗಣಿ ಮಾಡಲು ಸರ್ಕಾರದ ಪರವಾನಗಿ ಬೇಕು.

ಮೂರನೇ ದಿನ ಬೆಳಿಗ್ಗೆ ಅಜ್ಜಿ, "ಏನ್ಲಾ ಇದು, ಜಾಲರೀಲಿ ಹಳದಿ ಸಿಕ್ಕೊಂಡೈತೆ?" ಅಂದರು. ಟೀ ಜಾಲರಿಯ ಅಂಚಿನ ಕಣ್ಣಲ್ಲಿ ಹತ್ತನೇ ಚೂರು! ಅಷ್ಟರಲ್ಲಿ ಅದರಲ್ಲಿ ನಾಲ್ಕು ಸಲ ಟೀ ಸೋಸಿಯಾಗಿತ್ತು.

ತಾತ ಭೂತಗನ್ನಡಿ ಹಾಕಿಕೊಂಡು ಹತ್ತನ್ನೂ ಎಣಿಸಿ ಡಬ್ಬಿಗೆ ಹಾಕಿಕೊಂಡರು. ಆಮೇಲೆ ಇದೇ ರೀತಿ ಹಳ್ಳದ ಮರಳನ್ನು ಐದು ಸಲ ತಂದು ತೊಳೆದೆ. ಬಂಗಾರ ಒಂದು ಚೂರೂ ಸಿಗಲಿಲ್ಲ. ಒಂದು ಶೀಷೆ ತುಂಬ ಕರಿ ಪುಡಿ ಇದೆ, ವಿಜ್ಞಾನದ ಕೋಣೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ಆಯಸ್ಕಾಂತ ತಂದವರು ಆಡಿಸಿ ನೋಡಬಹುದು.